ಸತ್ತವರ ಮಾತಿಗೆ ಲೆಕ್ಕ ಒಪ್ಪಿಸುವವರು

ಕನ್ನಡದಲ್ಲಿ ‘ಉಯಿಲು’ ಎಂಬ ಮಾತಿದೆ. ಇಂಗ್ಲಿಷಿನ ‘ವಿಲ್’ ತಮಿಳರ ಬಾಯಲ್ಲಿ ‘ಉಯಿಲ್’ ಆಗಿ, ಅಲ್ಲಿಂದ ನಮ್ಮ ಕಚೇರಿ, ಕೋರ್ಟುಗಳ ಕನ್ನಡಕ್ಕೆ ಬಂತು ಎನ್ನುವುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಪುಸ್ತಕದ ಕನ್ನಡದಲ್ಲಿ ಅದಕ್ಕೆ ‘ಮರಣಶಾಸನ’ ಎಂಬ ಗಂಭೀರ ಹೆಸರೂ ಇದೆ. ಆದರೆ ಉಯಿಲು ಬರೆದವರು ಕಣ್ಣು ಮುಚ್ಚಿದ ಮೇಲೆ ಅದರಲ್ಲಿರುವುದನ್ನು ಮಾಡಿ ಮುಗಿಸಬೇಕಾದ ಮನುಷ್ಯನಿಗೆ ನಮ್ಮ ಆಡುಮಾತಿನಲ್ಲಿ ಹೆಸರಿಲ್ಲ. ಕಾನೂನಿನ ಬರಹಗಳಲ್ಲಿ ‘ನಿರ್ವಾಹಕ’ ಎಂಬ ಪದ ಸಿಗುತ್ತದೆ. ಅದನ್ನು ಕೇಳಿದರೆ ನಮಗೆ ಮೊದಲು ನೆನಪಾಗುವುದು ಸರ್ಕಾರಿ ಬಸ್ಸಿನ ಕಂಡಕ್ಟರ್. ಹಾಗಾಗಿ ವಕೀಲರೂ ಕಕ್ಷಿದಾರರೂ ‘ಎಕ್ಸಿಕ್ಯೂಟರ್’ ಎಂದೇ ಹೇಳಿ ಮುಂದೆ ಹೋಗುತ್ತಾರೆ.

ಬಸ್ಸಿನ ಹೋಲಿಕೆ ಅಷ್ಟೇನೂ ಕೆಟ್ಟದ್ದಲ್ಲ. ಕಂಡಕ್ಟರ್ ಚೀಲದಲ್ಲಿರುವ ಹಣ ಅವನದಲ್ಲ. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು, ಯಾರಿಗೆ ಎಷ್ಟು ಚಿಲ್ಲರೆ ಬಾಕಿ ಎಂಬುದೆಲ್ಲ ಅವನಿಗೆ ಗೊತ್ತಿರಬೇಕು. ನಡುದಾರಿಯಲ್ಲಿ ಚೆಕಿಂಗ್‌ನವರು ಹತ್ತಬಹುದು. ಪಾಳಿ ಮುಗಿದ ಮೇಲೆ ಡಿಪೋದಲ್ಲಿ ಲೆಕ್ಕ ಒಪ್ಪಿಸಿಯೇ ಮನೆಗೆ ಹೋಗಬೇಕು. ಎಕ್ಸಿಕ್ಯೂಟರ್ ಕೆಲಸವೂ ಇಂಥದ್ದೇ. ಸತ್ತವರ ಆಸ್ತಿ ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಬೇಕು, ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲಗಳನ್ನು ತೀರಿಸಬೇಕು, ಬರಬೇಕಾದ ಬಾಕಿ ವಸೂಲು ಮಾಡಬೇಕು, ಉಳಿದದ್ದನ್ನು ಉಯಿಲಿನಲ್ಲಿ ಹೇಳಿದವರಿಗೆ ಹೇಳಿದಂತೆ ಮುಟ್ಟಿಸಬೇಕು, ಕೊನೆಗೆ ಲೆಕ್ಕ ಕೊಡಬೇಕು.

ಈ ಕೆಲಸಕ್ಕೆ ಜನ ಸಾಮಾನ್ಯವಾಗಿ ಮಗನನ್ನೋ ಅಳಿಯನನ್ನೋ ಹಳೆಯ ಸ್ನೇಹಿತನನ್ನೋ ಹೆಸರಿಸುತ್ತಾರೆ. ಈಗ ಅದನ್ನೇ ಸಂಬಳ ಅಥವಾ ಕಮಿಷನ್ ಪಡೆದು ಮಾಡಿಕೊಡುವ ವಕೀಲರಿದ್ದಾರೆ, ಟ್ರಸ್ಟಿ ಕಂಪನಿಗಳಿವೆ. ಕರುಳಿನ ಸಂಬಂಧವಿರುವವರನ್ನು ಬಿಟ್ಟು ದುಡ್ಡಿಗೆ ಕೆಲಸ ಮಾಡುವ ಅಪರಿಚಿತನ ಕೈಗೆ ಕೊನೆಯ ಮಾತನ್ನು ಒಪ್ಪಿಸುವ ಯೋಚನೆ ಮನುಷ್ಯನಿಗೆ ಬಂದದ್ದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ನಮ್ಮ ದೇಶದ ಇತಿಹಾಸದಲ್ಲೇ ಇದೆ.

ಮೊದಲು ನಮ್ಮ ಹಳೆಯ ಏರ್ಪಾಟನ್ನು ನೋಡೋಣ. ಹಿಂದೂ ಅವಿಭಕ್ತ ಕುಟುಂಬದಲ್ಲಿ ಉಯಿಲಿಗೆ ಹೆಚ್ಚು ಜಾಗವಿರಲಿಲ್ಲ. ಭಾರತದ ಬಹುಭಾಗದಲ್ಲಿ ಆಸ್ತಿ ಹಕ್ಕನ್ನು ಶತಮಾನಗಳ ಕಾಲ ಆಳಿದ ‘ಮಿತಾಕ್ಷರಾ’ ವ್ಯಾಖ್ಯಾನ ಹುಟ್ಟಿದ್ದು ನಮ್ಮಲ್ಲೇ, ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನ ಕೈಯಲ್ಲಿ. ಆ ಕಲ್ಯಾಣ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಮಿತಾಕ್ಷರಾ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ತಂದೆ ಸತ್ತಾಗ ಯಾರೋ ಬಂದು ಹಂಚಬೇಕಾದ್ದೇನೂ ಇಲ್ಲ, ಮನೆ ಮುಂದುವರಿಯುತ್ತದೆ ಅಷ್ಟೆ. ಸಾಯುವವನ ಸ್ವಂತ ಇಚ್ಛೆಗೆ ಅವಕಾಶವೇ ಕಡಿಮೆ ಇದ್ದಲ್ಲಿ ಆ ಇಚ್ಛೆಯನ್ನು ನಡೆಸಿಕೊಡುವವನೂ ಬೇಕಾಗಿರಲಿಲ್ಲ.

ಹಾಗೆಂದು, ತಾನು ಸತ್ತ ಮೇಲೂ ತನ್ನ ಮಾತು ನಡೆಯಬೇಕು ಎಂಬ ಆಸೆ ಇರಲಿಲ್ಲವೆಂದಲ್ಲ. ನಮ್ಮ ದಾನಶಾಸನಗಳ ತುಂಬ ಇರುವುದು ಅದೇ ಆಸೆ. ದೇವಸ್ಥಾನಕ್ಕೆ, ಬಸದಿಗೆ, ಮಠಕ್ಕೆ, ಕೆರೆಗೆ ಭೂಮಿ ಬಿಟ್ಟವರು ಅದು ಚಂದ್ರಸೂರ್ಯರಿರುವವರೆಗೆ ನಡೆಯಲಿ ಎಂದು ಕಲ್ಲಿನ ನೆತ್ತಿಯ ಮೇಲೆ ಚಂದ್ರಸೂರ್ಯರನ್ನೇ ಕೊರೆಸಿದರು. ನೋಡಿಕೊಳ್ಳುವ ಹೊಣೆಯನ್ನು ಊರ ಮಹಾಜನರಿಗೋ ದೇವಾಲಯದ ಸ್ಥಾನಿಕರಿಗೋ ವಹಿಸಿದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳನ್ನು ಓದುವ ವಿದ್ಯಾರ್ಥಿಗೆ ಬೇಗನೆ ಬಾಯಿಪಾಠವಾಗುವ ಭಾಗವೆಂದರೆ ಶಾಸನದ ಕೊನೆ. ಕೊಟ್ಟದ್ದಕ್ಕಿಂತ ಕೊಟ್ಟದ್ದನ್ನು ಕಾಯುವುದೇ ದೊಡ್ಡ ಪುಣ್ಯ ಎಂಬ ಮಾತು ಅಲ್ಲಿರುತ್ತದೆ. ಅದರ ಬೆನ್ನಿಗೇ, ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ, ಅವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟಲಿ ಎಂಬ ಶಾಪ.

ಈ ಶಾಪವನ್ನು ಬರೀ ಅಲಂಕಾರವೆಂದು ತಿಳಿಯಬಾರದು. ಕೊಟ್ಟವನು ಹೋದ ಮೇಲೆ ನೋಡಿಕೊಳ್ಳುವವನನ್ನು ಕೇಳುವವರು ಯಾರು ಎಂಬ ಪ್ರಶ್ನೆಗೆ ಆ ಕಾಲ ಕಂಡುಕೊಂಡ ಉತ್ತರ ಅದು. ಚೆಕಿಂಗ್ ಕೆಲಸವನ್ನು ದೇವರಿಗೆ ವಹಿಸಿದ್ದರು. ದೇವರ ಭಯವಿದ್ದ ಕಡೆ ಅದು ನಡೆಯಿತು, ಇಲ್ಲದ ಕಡೆ ಭೂಮಿ ಪರರ ಪಾಲಾಯಿತು. ಹಳೆಯ ದತ್ತಿ ಕೈತಪ್ಪಿ ಹೋಗಿದ್ದನ್ನು ಮತ್ತೆ ಬಿಟ್ಟುಕೊಟ್ಟ ವಿಚಾರ ಹೇಳುವ ಶಾಸನಗಳೂ ನಮ್ಮಲ್ಲಿವೆ.

ಹದಿನೆಂಟನೆಯ ಶತಮಾನದ ಕಲ್ಕತ್ತಾ, ಮದರಾಸು, ಬೊಂಬಾಯಿಗಳಲ್ಲಿ ಬೇರೆಯೇ ತರಹದ ಸಾವು ಕಾಣಿಸಿಕೊಂಡಿತು. ಈಸ್ಟ್ ಇಂಡಿಯಾ ಕಂಪನಿಯ ನೌಕರರಾಗಿ ಹದಿನಾರು, ಹದಿನೆಂಟರ ಹುಡುಗರು ಹಡಗು ಇಳಿಯುತ್ತಿದ್ದರು. ಬೊಂಬಾಯಿಯಲ್ಲಿ ಮನುಷ್ಯನ ಆಯುಷ್ಯ ಎರಡು ಮಳೆಗಾಲ ಎಂಬ ಗಾದೆಯೇ ಅವರಲ್ಲಿ ಹುಟ್ಟಿಕೊಂಡಿತ್ತು. ಜ್ವರ, ಭೇದಿಗಳಿಂದ ಸತ್ತವನ ತಂದೆ ತಾಯಿ, ಅಕ್ಕ ತಂಗಿಯರು ಇರುತ್ತಿದ್ದುದು ಇಂಗ್ಲೆಂಡಿನಲ್ಲೋ ಸ್ಕಾಟ್ಲೆಂಡಿನಲ್ಲೋ. ಆಫ್ರಿಕಾದ ತುದಿಯನ್ನು ಸುತ್ತಿ ಕಾಗದ ಅಲ್ಲಿಗೆ ತಲುಪಲು ಐದಾರು ತಿಂಗಳು, ಉತ್ತರ ಬರಲು ಮತ್ತೆ ಐದಾರು ತಿಂಗಳು. ಅಷ್ಟರಲ್ಲಿ ಅವನ ಕುದುರೆಗೆ ಮೇವು ಹಾಕಬೇಕು, ಆಳುಗಳಿಗೆ ಸಂಬಳ ಕೊಡಬೇಕು, ಸಾಲಗಾರರು ಬಾಗಿಲಿಗೆ ಬಂದು ನಿಂತಿರುತ್ತಾರೆ.

ಇಂಗ್ಲೆಂಡಿನ ಪದ್ಧತಿಯಲ್ಲಿ ಎಕ್ಸಿಕ್ಯೂಟರ್ ಆಗುವುದು ಗೌರವದ ಕೆಲಸ. ಸ್ನೇಹಿತನೋ ನೆಂಟನೋ ಅದನ್ನು ಬಿಟ್ಟಿಯಾಗಿ ಮಾಡಬೇಕು. ಸತ್ತವನು ಉಯಿಲಿನಲ್ಲೇ ಏನಾದರೂ ಬಿಟ್ಟುಹೋಗದಿದ್ದರೆ ಪ್ರತಿಫಲ ಕೇಳುವಂತಿಲ್ಲ ಎನ್ನುವುದು ಅಲ್ಲಿನ ನ್ಯಾಯಾಲಯಗಳ ಕಟ್ಟುನಿಟ್ಟಿನ ನಿಲುವು. ಭಾರತದಲ್ಲಿ ಇದು ನಡೆಯಲಿಲ್ಲ. ಇಲ್ಲಿನ ಸ್ನೇಹಿತನೂ ನಾಳೆ ಸಾಯಬಹುದು, ಬೇರೆ ಊರಿಗೆ ವರ್ಗವಾಗಬಹುದು, ದುಡ್ಡು ಮಾಡಿಕೊಂಡು ಊರಿಗೆ ಹಡಗು ಹತ್ತಬಹುದು. ಹೀಗಾಗಿ ಎಕ್ಸಿಕ್ಯೂಟರ್ ಆದವನು ನೂರಕ್ಕೆ ಐದರಂತೆ ಕಮಿಷನ್ ಪಡೆಯುವ ರೂಢಿ ಇಲ್ಲಿ ಬೆಳೆಯಿತು. 1798ರಲ್ಲಿ ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯವೂ ಪೂರ್ವದೇಶದ ಆಸ್ತಿಗಳ ಮಟ್ಟಿಗೆ ಈ ರೂಢಿಯನ್ನು ಒಪ್ಪಿಕೊಂಡಿತು. ಲಂಡನ್ನಿನಲ್ಲಿ ಬಿಟ್ಟಿಯಾಗಿ ಮಾಡಬೇಕಾದ ಕೆಲಸಕ್ಕೆ ಕಲ್ಕತ್ತಾದಲ್ಲಿ ದರ ನಿಗದಿಯಾಯಿತು. ಬ್ರಿಟಿಷ್ ಕಾನೂನಿನ ಲೋಕದಲ್ಲಿ ವೃತ್ತಿಪರ ಎಕ್ಸಿಕ್ಯೂಟರ್ ಬೆಳೆದದ್ದು ಹೀಗೆ, ಮನೆಯಿಂದ ಬಹುದೂರ ಸತ್ತವರ ನಡುವೆ.

ಆ ಕಾಲದ ಉಯಿಲುಗಳೂ ಆಸ್ತಿಪಟ್ಟಿಗಳೂ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಸಂಪುಟಗಟ್ಟಲೆ ಉಳಿದಿವೆ. ಸತ್ತವನ ಬಟ್ಟೆಬರೆ, ಪುಸ್ತಕ, ಪಲ್ಲಕ್ಕಿ, ಮದ್ಯದ ಬಾಟಲಿ ಎಲ್ಲವೂ ಹರಾಜಿಗೆ ಹೋಗುತ್ತಿದ್ದವು. ಇತಿಹಾಸಕಾರರಿಗೆ ಅವು ನಿಧಿ. ಅಧಿಕೃತ ದಾಖಲೆಗಳಲ್ಲಿ ಎಲ್ಲೂ ಹೆಸರಿಲ್ಲದ ಭಾರತೀಯ ಸಂಗಾತಿಯರೂ ಅವರ ಮಕ್ಕಳೂ ಈ ಉಯಿಲುಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಅಂಥ ಹೆಂಗಸಿಗೆ ಬಿಟ್ಟುಹೋದ ತಿಂಗಳ ಮೊತ್ತ ನಿಜವಾಗಿ ಮುಟ್ಟಿತೇ ಇಲ್ಲವೇ ಎಂಬುದು ಎಕ್ಸಿಕ್ಯೂಟರ್ ಎಷ್ಟು ಪ್ರಾಮಾಣಿಕ ಎಂಬುದನ್ನು ಅವಲಂಬಿಸಿತ್ತು. ಅವಳ ಪರವಾಗಿ ಸಮುದ್ರದಾಚೆಯಿಂದ ಯಾರೂ ಕೇಳುವವರಿರಲಿಲ್ಲ.

ದುಡ್ಡು ಕೊಟ್ಟ ಮಾತ್ರಕ್ಕೆ ಕೆಲಸ ಸರಿಯಾಗಿ ನಡೆಯಿತೆ? ಕಲ್ಕತ್ತಾದಲ್ಲಿ ‘ಏಜೆನ್ಸಿ ಹೌಸ್’ ಎಂದು ಕರೆಸಿಕೊಳ್ಳುತ್ತಿದ್ದ ದೊಡ್ಡ ವ್ಯಾಪಾರಿ ಸಂಸ್ಥೆಗಳಿದ್ದವು. ಕಂಪನಿಯ ಸಿವಿಲ್ ಅಧಿಕಾರಿಗಳ, ಸೇನಾಧಿಕಾರಿಗಳ ಉಳಿತಾಯವೆಲ್ಲ ಅವರ ಬಳಿ. ಅವುಗಳ ಪಾಲುದಾರರೇ ಎಷ್ಟೋ ಉಯಿಲುಗಳಿಗೆ ಎಕ್ಸಿಕ್ಯೂಟರುಗಳು. ವ್ಯಕ್ತಿ ಸಾಯಬಹುದು, ಸಂಸ್ಥೆ ಸಾಯುವುದಿಲ್ಲ ಎಂಬ ಭರವಸೆ ಜನರದ್ದು. ಆದರೆ ಸತ್ತವರ ಹಣವೂ ಬದುಕಿರುವವರ ಹಣವೂ ಸಂಸ್ಥೆಯ ಸ್ವಂತ ಹಣವೂ ಒಂದೇ ಪೆಟ್ಟಿಗೆಯಲ್ಲಿ ಬೆರೆತು ನೀಲಿ ಬೆಳೆಯ ಸಾಲಗಳಿಗೆ ಹರಿಯುತ್ತಿತ್ತು. ನೀಲಿಯ ಬೆಲೆ ಕುಸಿಯಿತು. 1830ರ ಜನವರಿಯಲ್ಲಿ ಎಲ್ಲಕ್ಕಿಂತ ಹೆಸರುವಾಸಿಯಾಗಿದ್ದ ಪಾಮರ್ ಕಂಪನಿ ಬಾಗಿಲು ಹಾಕಿತು. 1834ರ ಹೊತ್ತಿಗೆ ಉಳಿದ ದೊಡ್ಡ ಸಂಸ್ಥೆಗಳೂ ಮುಳುಗಿದವು. ವಿಧವೆಯರು, ತಬ್ಬಲಿ ಮಕ್ಕಳು ನಂಬಿದ್ದ ಗಂಟು ಆ ದಿವಾಳಿಯ ಜೊತೆ ಹೋಯಿತು.

ಬಂಧುವನ್ನು ನಂಬಿದರೂ ಕಷ್ಟ, ಸಂಸ್ಥೆಯನ್ನು ನಂಬಿದರೂ ಕಷ್ಟ ಎಂದಾಗ ಕೊನೆಗೆ ನ್ಯಾಯಾಲಯವೇ ಗತಿಯಾಗುತ್ತಿತ್ತು. ಅದರ ವೇಗ ಎಂಥದ್ದು ಎನ್ನುವುದಕ್ಕೆ ಎರಡು ಉಯಿಲುಗಳ ಕಥೆ ಸಾಕು.

ಮೊದಲನೆಯದು ಕ್ಲಾಡ್ ಮಾರ್ಟಿನ್ ಎಂಬವನದು. ಫ್ರಾನ್ಸಿನ ಲಿಯೋನ್ ನಗರದಲ್ಲಿ 1735ರಲ್ಲಿ ಹುಟ್ಟಿ, ಸಿಪಾಯಿಯಾಗಿ ಭಾರತಕ್ಕೆ ಬಂದು, ಆಮೇಲೆ ಇಂಗ್ಲಿಷ್ ಕಂಪನಿಯ ಕಡೆ ಸೇರಿ ಮೇಜರ್ ಜನರಲ್ ಆದವನು. ಲಖನೌದಲ್ಲಿ ಅಪಾರ ಸಂಪತ್ತು ಗಳಿಸಿದ. ಮದುವೆಯಾಗಲಿಲ್ಲ. 1800ರ ಹೊಸ ವರ್ಷದ ದಿನ ಅವನು ಸಹಿ ಮಾಡಿದ ಉದ್ದನೆಯ ಉಯಿಲಿನಲ್ಲಿ ಜೊತೆಗಿದ್ದ ಬೂಲೋನ್‌ಗೆ, ಆಳುಕಾಳುಗಳಿಗೆ, ಬಡವರಿಗೆ ಎಂದೆಲ್ಲ ಹಂಚಿಕೆ ಇತ್ತು. ಕಲ್ಕತ್ತಾ, ಲಖನೌ, ಲಿಯೋನ್‌ಗಳಲ್ಲಿ ಶಾಲೆ ತೆರೆಯಬೇಕೆಂಬ ಸೂಚನೆಯೂ ಇತ್ತು. ಅದೇ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡ. ತಾನು ಕಟ್ಟಿಸಿದ ಅರಮನೆ ನವಾಬನ ವಶವಾಗಬಾರದೆಂದು ಅದರ ನೆಲಮಾಳಿಗೆಯಲ್ಲೇ ತನ್ನನ್ನು ಹೂಳುವ ಏರ್ಪಾಟನ್ನೂ ಮಾಡಿಕೊಂಡಿದ್ದ ಎನ್ನುತ್ತಾರೆ. ಅಷ್ಟು ದೂರ ಯೋಚಿಸಿದವನ ಶಾಲೆ ಕಲ್ಕತ್ತಾದಲ್ಲಿ ತೆರೆದದ್ದು 1836ರಲ್ಲಿ, ಲಖನೌದಲ್ಲಿ 1845ರಲ್ಲಿ. ನಡುವಿನ ದಶಕಗಳು ವ್ಯಾಜ್ಯದಲ್ಲಿ ಕಳೆದವು. ಅವನು ಸತ್ತ ವರ್ಷ ಹುಟ್ಟಿದ ಮಗುವೊಂದು ಆ ಶಾಲೆಗಾಗಿ ಕಾದಿದ್ದರೆ, ಬಾಗಿಲು ತೆರೆಯುವ ಹೊತ್ತಿಗೆ ತನ್ನ ಮಕ್ಕಳನ್ನು ಅಲ್ಲಿಗೆ ಸೇರಿಸುವ ವಯಸ್ಸಾಗಿರುತ್ತಿತ್ತು.

ಎರಡನೆಯದು ನಮಗೆ ಇನ್ನೂ ಹತ್ತಿರದ ಊರಿನದು. ಮದರಾಸಿನ ಪಚ್ಚಯ್ಯಪ್ಪ ಮೊದಲಿಯಾರ್ ಬಡತನದಲ್ಲಿ ಹುಟ್ಟಿ, ದುಭಾಷಿಯಾಗಿ ಕೆಲಸ ಮಾಡಿ, ತಂಜಾವೂರಿನ ಕಡೆ ವ್ಯವಹಾರ ನಡೆಸಿ ಶ್ರೀಮಂತನಾದವನು. 1794ರಲ್ಲಿ, ಇನ್ನೂ ನಲವತ್ತರ ಆಸುಪಾಸಿನಲ್ಲಿ, ಸಾವು ಹತ್ತಿರ ಬಂದಾಗ ಉಯಿಲು ಬರೆಸಿದ. ದಕ್ಷಿಣ ಭಾರತದಲ್ಲಿ ಹಿಂದೂವೊಬ್ಬ ಬರೆಸಿದ ಮೊದಮೊದಲ ಉಯಿಲುಗಳಲ್ಲಿ ಅದೂ ಒಂದು. ಗಳಿಸಿದ್ದರ ದೊಡ್ಡ ಪಾಲು ದೇವಸ್ಥಾನಗಳ ಸೇವೆ ಮತ್ತು ಧರ್ಮಕಾರ್ಯಕ್ಕೆ ಎಂಬುದು ಅವನ ಆಸೆ. ನಡೆಸಿಕೊಡುವ ಹೊಣೆ ನಂಬಿದವರ ಮೇಲಿತ್ತು. ಹಣ ಅವರವರ ಕೈಯಲ್ಲಿ ಉಳಿಯಿತು, ಧರ್ಮ ನಡೆಯಲಿಲ್ಲ. ಎಷ್ಟೋ ವರ್ಷಗಳ ಬಳಿಕ ಮದರಾಸಿನ ಸುಪ್ರೀಂ ಕೋರ್ಟು ಅಡ್ವೊಕೇಟ್ ಜನರಲ್ ಮೂಲಕ ಆ ಲೆಕ್ಕವನ್ನು ಕೆದಕಿತು. ಬಡ್ಡಿ ಸೇರಿ ಬೆಳೆದಿದ್ದ ಮೊತ್ತದಲ್ಲಿ ದೇವರ ಸೇವೆಗೆ ಬೇಕಾದಷ್ಟನ್ನು ತೆಗೆದಿಟ್ಟು, ಉಳಿದದ್ದನ್ನು ವಿದ್ಯೆಗೆ ಬಳಸಲು ಏರ್ಪಾಟಾಯಿತು. ಅಡ್ವೊಕೇಟ್ ಜನರಲ್ ಆಗಿದ್ದ ಜಾರ್ಜ್ ನಾರ್ಟನ್ ಇದರಲ್ಲಿ ಮುತುವರ್ಜಿ ವಹಿಸಿದ. 1842ರಲ್ಲಿ ಪಚ್ಚಯ್ಯಪ್ಪನ ಹೆಸರಿನ ಶಾಲೆ ಆರಂಭವಾಯಿತು, ಅವನು ಸತ್ತು 48 ವರ್ಷಗಳಾದ ಮೇಲೆ. ಮುಂದೆ ಅದೇ ಕಾಲೇಜಾಗಿ ಬೆಳೆಯಿತು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಕೂಡ ಒಂದಷ್ಟು ಕಾಲ ಅಲ್ಲಿ ಓದಿದರು.

ಈ ಕಥೆಯನ್ನು ಶುಭಾಂತ್ಯದ ಕಥೆಯಾಗಿ ಹೇಳುವವರಿದ್ದಾರೆ. ಶಾಲೆ ಒಳ್ಳೆಯದೇ. ಆದರೆ ಪಚ್ಚಯ್ಯಪ್ಪ ಕೇಳಿದ್ದು ದೇವರ ಸೇವೆಯನ್ನು, ಸಿಕ್ಕಿದ್ದು ಅದರ ಜೊತೆಗೆ ಇಂಗ್ಲಿಷ್ ಶಾಲೆ. ನಡೆಸಿಕೊಡುವವರು ಹೊತ್ತಿಗೆ ಸರಿಯಾಗಿ ನಡೆಸಿಕೊಡದಿದ್ದರೆ ಸತ್ತವನ ಮಾತಿನ ಅರ್ಥವನ್ನು ಮುಂದಿನ ತಲೆಮಾರಿನ ಬೇರೆ ಯಾರೋ ತಮ್ಮ ಕಾಲದ ಒಳಿತಿಗೆ ತಕ್ಕಂತೆ ನಿರ್ಧರಿಸುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ.

ಉಯಿಲು ಬರೆಯದೆ ಸತ್ತವರ ಗತಿ? ಹತ್ತಿರದವರು ಯಾರೂ ಇಲ್ಲದಿದ್ದರೆ ಅವರ ಆಸ್ತಿಯನ್ನು ಸುಪ್ರೀಂ ಕೋರ್ಟಿನ ರಿಜಿಸ್ಟ್ರಾರ್ ನೋಡಿಕೊಳ್ಳುತ್ತಿದ್ದ, ಅವನೂ ಕಮಿಷನ್ ಪಡೆಯುತ್ತಿದ್ದ. ನ್ಯಾಯಾಲಯದ ಅಧಿಕಾರಿ ಎಂದ ಮೇಲೆ ಇನ್ನೇನು ಭಯ ಎಂದುಕೊಂಡರೆ, 1848ರಲ್ಲಿ ಕಲ್ಕತ್ತಾದ ರಿಜಿಸ್ಟ್ರಾರ್ ಸರ್ ಥಾಮಸ್ ಟರ್ಟನ್ ದಿವಾಳಿಯಾದ. ಸತ್ತವರ ಎಸ್ಟೇಟುಗಳ ಹಣವೂ ಅವನ ಕೈಯಲ್ಲಿ ಕರಗಿಹೋಗಿತ್ತು. ಇದು ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋದ ಹಗರಣ.

ಮರುವರ್ಷವೇ, 1849ರಲ್ಲಿ, ‘ಅಡ್ಮಿನಿಸ್ಟ್ರೇಟರ್ ಜನರಲ್’ ಎಂಬ ಹೊಸ ಹುದ್ದೆ ಹುಟ್ಟಿತು. ಸತ್ತವರ ಆಸ್ತಿಯನ್ನು ನೋಡಿಕೊಳ್ಳುವುದೇ ಅವನ ಕೆಲಸ. ಹೊಸತನವಿದ್ದದ್ದು ಆ ಹುದ್ದೆಗೆ ಕಟ್ಟಿದ ಕಟ್ಟುಪಾಡುಗಳಲ್ಲಿ: ಅವನು ಜಾಮೀನು ಕೊಡಬೇಕು, ಪ್ರತಿ ಎಸ್ಟೇಟಿಗೂ ಬೇರೆ ಲೆಕ್ಕ ಇಡಬೇಕು, ನಿಯತಕಾಲಕ್ಕೆ ಲೆಕ್ಕ ಸಲ್ಲಿಸಬೇಕು, ಆ ಲೆಕ್ಕವನ್ನು ಬೇರೆಯವರು ತಪಾಸಣೆ ಮಾಡಬೇಕು. ಈ ಕಾನೂನು ಹತ್ತೊಂಬತ್ತನೆಯ ಶತಮಾನದಲ್ಲೇ ಹಲವು ಬಾರಿ ತಿದ್ದುಪಡಿಯಾಗಿ, 1913ರಲ್ಲಿ ಮತ್ತೆ ಬರೆಯಲ್ಪಟ್ಟು, ಸ್ವಾತಂತ್ರ್ಯದ ನಂತರ 1963ರ ಕಾಯ್ದೆಯಾಯಿತು. ಪ್ರತಿ ರಾಜ್ಯಕ್ಕೂ ಒಬ್ಬ ಅಡ್ಮಿನಿಸ್ಟ್ರೇಟರ್ ಜನರಲ್ ಇರಬೇಕೆಂದು ಅದು ಹೇಳುತ್ತದೆ. ಎಕ್ಸಿಕ್ಯೂಟರ್ ಆದ ಖಾಸಗಿ ವ್ಯಕ್ತಿ ತನ್ನಿಂದ ಆಗದು ಎನಿಸಿದರೆ, ಆ ಅಧಿಕಾರಿಯ ಒಪ್ಪಿಗೆ ಪಡೆದು ಎಸ್ಟೇಟನ್ನು ಅವನಿಗೆ ವಹಿಸಿಬಿಡುವ ದಾರಿಯೂ ಅದರಲ್ಲಿದೆ.

ಇಡೀ ಜಗತ್ತಿನ ನಕ್ಷೆಯನ್ನು ಹರಡಿಕೊಂಡು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಸತ್ತವರ ಎಸ್ಟೇಟ್ ನಿರ್ವಹಿಸುವುದಕ್ಕೆಂದೇ ಕಂಪನಿಯೊಂದು 1834ರಲ್ಲಿ ಶುರುವಾಯಿತು. ನ್ಯೂಜಿಲೆಂಡ್ 1872ರಲ್ಲಿ ಪಬ್ಲಿಕ್ ಟ್ರಸ್ಟ್ ಕಚೇರಿಯ ಕಾನೂನು ಮಾಡಿತು. ಇಂಗ್ಲೆಂಡಿಗೆ ಅದೇ ಬುದ್ಧಿ ಬಂದದ್ದು 1906ರಲ್ಲಿ, ವಕೀಲರು ಕಕ್ಷಿದಾರರ ಹಣ ನುಂಗಿದ ಹಗರಣಗಳ ನಂತರ. ಅಲ್ಲಿನ ಪಬ್ಲಿಕ್ ಟ್ರಸ್ಟಿ ಕಚೇರಿ 1908ರಲ್ಲಿ ಬಾಗಿಲು ತೆರೆಯಿತು. ವಲಸೆ ಹೋದವರ ನೆಲಗಳು ಮೊದಲು, ತಾಯ್ನಾಡು ಕೊನೆಗೆ. ನೆಂಟರು ಹತ್ತಿರವಿದ್ದ ಕಡೆ ಈ ವೃತ್ತಿ ತಡವಾಗಿ ಬಂತು. ದೂರದಲ್ಲಿ ಸಾಯುವವರು ಹೆಚ್ಚಿದ್ದ ಕಡೆ ಬೇಗ ಬಂತು.

ಇಲ್ಲಿಯವರೆಗೆ ಹೇಳಿದ್ದು ಹಣಕಾಸಿನ ಕಥೆ. ಸಾಹಿತ್ಯದ ಓದುಗರಿಗೆ ಇದರ ಇನ್ನೊಂದು ಮುಖ ಹೆಚ್ಚು ಪರಿಚಿತ. 1924ರಲ್ಲಿ ಫ್ರಾಂಜ್ ಕಾಫ್ಕಾ ತೀರಿಕೊಂಡಾಗ ತನ್ನ ಹಸ್ತಪ್ರತಿಗಳನ್ನು ಸುಟ್ಟುಬಿಡು ಎಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿಟ್ಟ ಚೀಟಿಗಳಿದ್ದವು. ಬ್ರಾಡ್ ಸುಡಲಿಲ್ಲ. ಮರುವರ್ಷವೇ ‘ದಿ ಟ್ರಯಲ್’ ಅಚ್ಚಾಯಿತು. ಬ್ರಾಡ್ ಕೊಟ್ಟ ಸಮರ್ಥನೆ ಸ್ವಾರಸ್ಯವಾಗಿದೆ. ನಾನು ಸುಡುವುದಿಲ್ಲ ಎಂದು ಕಾಫ್ಕಾನಿಗೆ ಮೊದಲೇ ಹೇಳಿದ್ದೆ, ನಿಜವಾಗಿಯೂ ಸುಡಿಸಬೇಕೆಂದಿದ್ದರೆ ಅವನು ಬೇರೆಯವರನ್ನು ನೇಮಿಸುತ್ತಿದ್ದ ಎನ್ನುವುದು ಅವನ ವಾದ. ಕಾಫ್ಕಾ ಕಾನೂನಿನಲ್ಲಿ ಡಾಕ್ಟರೇಟ್ ಪಡೆದವನು, ವಿಮಾ ಸಂಸ್ಥೆಯಲ್ಲಿ ಕೆಲಸ ಮಾಡಿದವನು. ಯಾರಿಗೆ ಹೇಳಿದರೆ ಏನಾಗುತ್ತದೆ ಎಂಬುದು ಗೊತ್ತಿಲ್ಲದವನಲ್ಲ. ಯಾರನ್ನು ನೇಮಿಸುತ್ತೇವೆ ಎನ್ನುವುದೂ ಉಯಿಲಿನ ಒಂದು ಮಾತೇ ಎಂದು ಇದರಿಂದ ಅನಿಸುತ್ತದೆ. ವೃತ್ತಿಪರ ಎಕ್ಸಿಕ್ಯೂಟರ್ ಆಗಿದ್ದರೆ ಚೀಟಿಯಲ್ಲಿದ್ದಂತೆ ಬೆಂಕಿ ಹಚ್ಚಿ, ಖರ್ಚಿನ ಲೆಕ್ಕ ಬರೆದಿಡುತ್ತಿದ್ದ.

ಇದಕ್ಕೆ ಎದುರಾಗಿ ಬರ್ನಾರ್ಡ್ ಷಾ. 1950ರಲ್ಲಿ ತೀರಿಕೊಂಡ ಷಾ ತನ್ನ ಎಕ್ಸಿಕ್ಯೂಟರ್ ಆಗಿ ನೇಮಿಸಿದ್ದು ಇಂಗ್ಲೆಂಡಿನ ಪಬ್ಲಿಕ್ ಟ್ರಸ್ಟಿಯನ್ನು, ಅಂದರೆ ಒಂದು ಸರ್ಕಾರಿ ಹುದ್ದೆಯನ್ನು. ಅವನ ಆಸೆಯೋ ವಿಚಿತ್ರ. ಉಚ್ಚಾರಣೆಗೂ ಬರಹಕ್ಕೂ ತಾಳೆಯಿಲ್ಲದ ಇಂಗ್ಲಿಷಿಗೆ ಕನಿಷ್ಠ 40 ಅಕ್ಷರಗಳ ಹೊಸ ಲಿಪಿಯೊಂದನ್ನು ರೂಪಿಸಲು 21 ವರ್ಷ ತನ್ನ ಆಸ್ತಿಯ ವರಮಾನ ಬಳಸಬೇಕು, ಆಮೇಲೆ ಉಳಿದದ್ದು ಬ್ರಿಟಿಷ್ ಮ್ಯೂಸಿಯಂ, ಲಂಡನ್ನಿನ ನಾಟಕ ಅಕಾಡೆಮಿ ಮತ್ತು ಐರ್ಲೆಂಡಿನ ನ್ಯಾಷನಲ್ ಗ್ಯಾಲರಿಗೆ. ಬರೆದಂತೆ ಓದುವ ಕನ್ನಡದವರಿಗೆ ಇದು ನಗು ತರಿಸಬಹುದು. ಪಬ್ಲಿಕ್ ಟ್ರಸ್ಟಿ ನಗಲಿಲ್ಲ, ಅಳಲಿಲ್ಲ. ಈ ಏರ್ಪಾಟು ಕಾನೂನಿನಲ್ಲಿ ನಿಲ್ಲುತ್ತದೆಯೇ ಎಂದು ನ್ಯಾಯಾಲಯವನ್ನೇ ಕೇಳಿದ. 1957ರಲ್ಲಿ ನ್ಯಾಯಾಧೀಶರು ನಿಲ್ಲುವುದಿಲ್ಲ ಎಂದರು. ಅಷ್ಟು ಹೊತ್ತಿಗೆ ಷಾನ ‘ಪಿಗ್ಮೇಲಿಯನ್’ ಆಧರಿಸಿದ ‘ಮೈ ಫೇರ್ ಲೇಡಿ’ ರಂಗದ ಮೇಲೆ ಬಂದು ಗೌರವಧನ ಹೊಳೆಯಂತೆ ಹರಿಯಲಾರಂಭಿಸಿತ್ತು. ಆದರೂ ರಾಜಿಯಲ್ಲಿ ಲಿಪಿಗೆಂದು ಸಿಕ್ಕಿದ್ದು 8,300 ಪೌಂಡ್. ಆ ಹಣದಲ್ಲಿ ಲಿಪಿಯ ಸ್ಪರ್ಧೆ ನಡೆದು, 1962ರಲ್ಲಿ ಷಾನ ಒಂದು ನಾಟಕ ಹೊಸ ಲಿಪಿಯಲ್ಲಿ ಅಚ್ಚಾಯಿತು. ಲಿಪಿಯನ್ನು ಯಾರೂ ಬಳಸಲಿಲ್ಲ, ಮೂರು ಸಂಸ್ಥೆಗಳು ಸಮೃದ್ಧವಾದವು.

ಇಬ್ಬರಲ್ಲಿ ಯಾರ ಆಯ್ಕೆ ಸರಿ? ನಾವು ಬ್ರಾಡ್‌ಗೆ ಋಣಿಗಳು, ನಿಜ. ಆದರೆ ಬ್ರಾಡ್‌ನಂಥ ಗೆಳೆಯ ಮಾತು ಮೀರಿದಾಗ ಕೇಳುವವರು ಯಾರೂ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಪಚ್ಚಯ್ಯಪ್ಪನ ನಂಬಿಗಸ್ತರೂ ಅಂಥದ್ದೇ ಸ್ವಾತಂತ್ರ್ಯ ಬಳಸಿಕೊಂಡವರು. ಪ್ರೀತಿಯಿಂದ ಮಾತು ಮೀರುವವನಿಗೂ ಆಸೆಯಿಂದ ಮೀರುವವನಿಗೂ ಇರುವ ವ್ಯತ್ಯಾಸ ಸತ್ತವನಿಗೆ ತಿಳಿಯುವುದಿಲ್ಲ. ಪಬ್ಲಿಕ್ ಟ್ರಸ್ಟಿಗೆ ಷಾನ ಮೇಲೆ ಪ್ರೀತಿ ಇರಬೇಕಾಗಿರಲಿಲ್ಲ. ಅವನು ಎಲ್ಲರ ಮುಂದೆ ಕೇಳಿ, ಎಲ್ಲರಿಗೂ ಕಾಣುವಂತೆ ಲೆಕ್ಕ ಕೊಟ್ಟರೆ ಸಾಕಿತ್ತು.

ಕನ್ನಡ ಸಾಹಿತ್ಯವೂ ಇಂಥ ಪ್ರಸಂಗ ಕಂಡಿದೆ. ಶಿವರಾಮ ಕಾರಂತರು 1994ರಲ್ಲಿ ಬರೆದ ಉಯಿಲಿನಲ್ಲಿ ತಮ್ಮ ಸಾಹಿತ್ಯ ಕೃತಿಗಳ ಹಕ್ಕುಸ್ವಾಮ್ಯವನ್ನು, ವರ್ಷಗಟ್ಟಲೆ ಜೊತೆಗಿದ್ದು ಬರವಣಿಗೆಯ ಕೆಲಸದಲ್ಲಿ ನೆರವಾದ ಸಹಾಯಕಿಗೆ ಬಿಟ್ಟರು. 1997ರಲ್ಲಿ ಕಾರಂತರು ತೀರಿಕೊಂಡರು. 2001ರಲ್ಲಿ ಅವರ ಯಕ್ಷಗಾನ ಬ್ಯಾಲೆ ದೆಹಲಿಯಲ್ಲಿ ಪ್ರದರ್ಶನಗೊಂಡಾಗ ಮೊಕದ್ದಮೆ ಎದ್ದಿತು. ಕುಣಿತ, ಸಂಗೀತ, ವೇಷ ಎಲ್ಲ ಕೂಡಿದ ಬ್ಯಾಲೆ ‘ಸಾಹಿತ್ಯ ಕೃತಿ’ಯೇ? ಸುಪ್ರೀಂ ಕೋರ್ಟು 2009ರಲ್ಲಿ ತೀರ್ಪು ಕೊಟ್ಟಿತು. ಬಿಡಿಯಾಗಿ ಹೇಳದೆ ಉಳಿದ ಆಸ್ತಿಯೆಲ್ಲ ಆಕೆಗೇ ಸೇರಬೇಕೆಂಬ ಉಯಿಲಿನ ಮಾತಿನ ಆಧಾರದ ಮೇಲೆ ಬ್ಯಾಲೆಯ ಹಕ್ಕೂ ಅವರದೇ ಎಂದಿತು. ಜೊತೆಗೆ, ಕಾಯ್ದೆ ವಿನಾಯಿತಿ ಕೊಡುವಂಥ ಪ್ರದರ್ಶನಗಳಿಗೆ ಅಡ್ಡಿಯಿಲ್ಲ ಎಂದೂ ಸ್ಪಷ್ಟಪಡಿಸಿತು. ನಿಘಂಟನ್ನೇ ಬರೆದ ಲೇಖಕರ ಉಯಿಲಿನಲ್ಲೂ ಒಂದು ಪದದ ಅರ್ಥ ತೀರ್ಮಾನವಾಗಲು ದೆಹಲಿಯವರೆಗೆ ಹೋಗಬೇಕಾಯಿತು. ಉಯಿಲು ಬರೆದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಇದನ್ನು ಗಮನಿಸಬೇಕು. ಬರೆದವರು ಇಲ್ಲದಾಗ ಆ ಮಾತಿನ ಪರವಾಗಿ ನಿಲ್ಲಲು ಬದುಕಿರುವ ಒಬ್ಬರು ಬೇಕೇ ಬೇಕು.

ಇವತ್ತಿನ ಕಾನೂನು ಈ ಇತಿಹಾಸದ ಗಾಯಗಳನ್ನೆಲ್ಲ ನೆನಪಿಟ್ಟುಕೊಂಡಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ನ್ಯಾಯಾಲಯದಿಂದ ಉಯಿಲಿಗೆ ಪ್ರೊಬೇಟ್ ಪಡೆದ ಎಕ್ಸಿಕ್ಯೂಟರ್ ಆರು ತಿಂಗಳೊಳಗೆ ಆಸ್ತಿಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ಸಲ್ಲಿಸಬೇಕು. ಕಮಿಷನ್ ವಿಚಾರದಲ್ಲಿ, ಅಡ್ಮಿನಿಸ್ಟ್ರೇಟರ್ ಜನರಲ್‌ಗೆ ನಿಗದಿಯಾದ ದರಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಕಂಪನಿಯೊಂದು ಪ್ರೊಬೇಟ್ ಪಡೆಯಬೇಕಾದರೆ ರಾಜ್ಯ ಸರ್ಕಾರದ ನಿಯಮಗಳ ಷರತ್ತು ಪೂರೈಸಿರಬೇಕು. ಒಂದೊಂದು ಷರತ್ತಿನ ಹಿಂದೆಯೂ ಪಾಮರ್ ಕಂಪನಿಯ ಅಥವಾ ಟರ್ಟನ್ನನ ನೆರಳು ಕಾಣುತ್ತದೆ.

ಮತ್ತೆ ಈಗ ದೂರದ ಕಾಲ ಬಂದಿದೆ, ದಿಕ್ಕು ಮಾತ್ರ ತಿರುಗಿದೆ. ಅಂದು ಕಲ್ಕತ್ತಾದಲ್ಲಿ ಮಗ ಸಾಯುತ್ತಿದ್ದ, ಸಮುದ್ರದಾಚೆ ತಂದೆ ತಾಯಿ ಇರುತ್ತಿದ್ದರು. ಇಂದು ಜಯನಗರದಲ್ಲೋ ಮೈಸೂರಿನ ಕುವೆಂಪುನಗರದಲ್ಲೋ ವಯಸ್ಸಾದ ತಂದೆ ತಾಯಿ, ಮಕ್ಕಳು ಡಲ್ಲಾಸಿನಲ್ಲೋ ಸಿಡ್ನಿಯಲ್ಲೋ. ಮಗ ಎರಡು ವಾರದ ರಜೆಯ ಮೇಲೆ ಬಂದು ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ ಮುಗಿಸಿ ಹೊರಡಬೇಕು. ಅಷ್ಟರಲ್ಲಿ ಖಾತೆ ಬದಲಾವಣೆ, ಬ್ಯಾಂಕ್ ಲಾಕರ್, ಷೇರುಗಳು ಯಾವುದೂ ಮುಗಿಯುವುದಿಲ್ಲ. ಇಲ್ಲೇ ಉಳಿದ ಮಗಳ ತಲೆಗೆ ಆ ಓಡಾಟವೆಲ್ಲ ಬೀಳುತ್ತದೆ, ಕೊನೆಗೆ ಅನುಮಾನವೂ ಅವಳ ಮೇಲೆಯೇ. ಅಂಥ ಮನೆಗೆ ವೃತ್ತಿಪರ ಎಕ್ಸಿಕ್ಯೂಟರ್ ಒಂದು ಉಪಕಾರವಾಗಬಹುದು. ಲೆಕ್ಕ ಕೇಳುವುದು ಅಪಮಾನವೆನಿಸದ ಮನುಷ್ಯನೊಬ್ಬ ನಡುವೆ ನಿಂತರೆ ಅಣ್ಣ ತಂಗಿಯ ಮಾತುಕತೆ ಉಳಿಯುತ್ತದೆ. ಅಣ್ಣನನ್ನು ‘ಲೆಕ್ಕ ತೋರಿಸು’ ಎಂದು ಕೇಳುವುದು ನಮ್ಮಲ್ಲಿ ಎಷ್ಟು ಕಷ್ಟ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕೇಳದಿದ್ದರೆ ದುಡ್ಡಿಗೆ ನೇಮಿಸಿದವನೂ ಪಾಮರ್ ಕಂಪನಿಯೇ ಆಗುತ್ತಾನೆ. ವೃತ್ತಿಪರನನ್ನು ನೇಮಿಸುವುದರ ಅರ್ಧ ಪ್ರಯೋಜನ ಇರುವುದು ನೇಮಕದಲ್ಲಿ, ಉಳಿದರ್ಧ ಇರುವುದು ಉಳಿದವರು ಪಟ್ಟಿ ಮತ್ತು ಲೆಕ್ಕವನ್ನು ಕೇಳಿ ಓದುವುದರಲ್ಲಿ.

ಬೆಂಗಳೂರಿನ ವ್ಯಾಪಾರಿ ಗುಬ್ಬಿ ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ಉಯಿಲು ಬರೆದಿಟ್ಟು ಸಾವಿನ ನಂತರದ ಅದೃಷ್ಟಕ್ಕೆ ಬಿಡದೆ, ತಾವು ಬದುಕಿರುವಾಗಲೇ ರೈಲ್ವೆ ನಿಲ್ದಾಣದ ಬಳಿ ಛತ್ರ ಕಟ್ಟಿಸಿದರು. 1903ರಲ್ಲಿ ಅದು ತೆರೆಯಿತು. ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಬಿಟ್ಟು, ಆಡಳಿತದಲ್ಲಿ ಪಳಗಿದ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರ ಕೈಗೆ ಅದರ ಹೊಣೆ ಕೊಟ್ಟರು. 1910ರಲ್ಲಿ ತೋಟದಪ್ಪನವರು ತೀರಿಕೊಂಡರು. ಶಾಸನದ ಶಾಪವೂ ಇಲ್ಲದೆ, ಚಂದ್ರಸೂರ್ಯರ ಕೆತ್ತನೆಯೂ ಇಲ್ಲದೆ ಅವರ ಮಾತು ನೂರು ವರ್ಷ ದಾಟಿ ಬಂದಿದೆ. ಮೆಜೆಸ್ಟಿಕ್‌ನಲ್ಲಿ ಇಳಿದ ಯಾತ್ರಿಕರಿಗೆ ಇಂದಿಗೂ ಅಲ್ಲಿ ತಂಗುವ ಜಾಗವಿದೆ.